ಕರಿಗುಡ್ಡೆಗೆ ಗೀರು ಬಿದ್ದ ಮೊದಲ ದಿನ

ನಮ್ಮ ಕೊಡಗು ಜಿಲ್ಲೆಯಲ್ಲಿ ವರ್ಷದ ಯಾವ ತಿಂಗಳಿನಲ್ಲಿ ನೋಡಿದರೂ ದುಡಿಯುವ ಕೈಗಳಿಗೆ ಬಿಡುವಿರುವುದಿಲ್ಲ. ಮುಂಗಾರಿಗೆ ಮುನ್ನ ಕಾಫಿ ಗಿಡಗಳಿಗೂ ಕರಿಮೆಣಸಿನ ಬಳ್ಳಿಗಳಿಗೂ ಬೋರ್ಡೋ ದ್ರಾವಣದ ಸಿಂಪಡಣೆ, ಮಳೆಗಾಲದಲ್ಲಿ ನಾಟಿ, ಹುತ್ತರಿ ಕಳೆದೊಡನೆ ಭತ್ತದ ಕೊಯ್ಲು ಮತ್ತು ಒಕ್ಕಣೆ, ಅದರ ಬೆನ್ನಿಗೇ ಕಾಫಿ ಹಣ್ಣಿನ ಕೊಯ್ಲು, ಅದು ಮುಗಿದ ಮೇಲೆ ಗಿಡಗಳ ಕಪಾತು. ಈ ಕೆಲಸಗಳಲ್ಲಿ ಬಹುಪಾಲನ್ನು ಗಂಡ ಹೆಂಡಿರು ಜೊತೆಗೂಡಿಯೇ ಮಾಡುತ್ತಾರೆ. ಕೈಕಾಲಿಗೆ ತರಚು ಗಾಯವಾದರೆ ಅದು ತಾನಾಗಿಯೇ ಮಾಯುತ್ತದೆ. ಅದಕ್ಕಾಗಿ ಯಾರೂ ಕೆಲಸ ಬಿಟ್ಟು ಆಸ್ಪತ್ರೆಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಅದೇ ರೆಂಬೆಯ ತುದಿ ಕಣ್ಣಿನ ಕರಿಗುಡ್ಡೆಗೆ ತಗುಲಿದಾಗಲೂ ಜನರು ಅದನ್ನು ತರಚು ಗಾಯದಂತೆಯೇ ಎಣಿಸಿ, ಎರಡು ದಿನ ನೋಡೋಣ ಎಂದು ಸುಮ್ಮನಿರುತ್ತಾರೆ. ಆ ಎರಡು ದಿನಗಳ ವಿಷಯವನ್ನೇ ಈ ಲೇಖನದಲ್ಲಿ ವಿವರಿಸಲಾಗಿದೆ.

ಕಣ್ಣಿನ ಚಿಕಿತ್ಸೆ ಎಂದೊಡನೆ ನಮ್ಮ ನಾಡಿನ ಹಿರಿಯರಿಗೆ ನೆನಪಾಗುವುದು ನೇತ್ರ ಶಿಬಿರಗಳು. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು 1943ರಿಂದ ಆರಂಭಿಸಿ ಹಳ್ಳಿಹಳ್ಳಿಗೂ ಹೋಗಿ, ಶಾಲೆಗಳಲ್ಲಿಯೂ ಛತ್ರಗಳಲ್ಲಿಯೂ ಒಂದೊಂದು ದಿನದಲ್ಲಿ ನೂರಾರು ಜನರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಜಾರಿಗೆ ಬಂದ ಮೇಲೆ ಈ ಸೇವೆ ಇನ್ನಷ್ಟು ವಿಸ್ತಾರವಾಯಿತು. ಇದರಿಂದ ಲಕ್ಷಾಂತರ ಜನರಿಗೆ ದೃಷ್ಟಿ ಮರಳಿತೆಂಬುದು ಹೆಮ್ಮೆಯ ವಿಷಯ. ಆದರೆ ಇದರ ಜೊತೆಗೆ ಒಂದು ತಪ್ಪು ನಂಬಿಕೆಯೂ ಜನರಲ್ಲಿ ಬೇರೂರಿದೆ. ಕಣ್ಣು ಮಸುಕಾದರೆ ಎಂದಾದರೂ ಒಂದು ದಿನ ಶಿಬಿರಕ್ಕೆ ಹೋದರಾಯಿತು, ಆಪರೇಷನ್ ಮಾಡಿ ಸರಿಪಡಿಸುತ್ತಾರೆ ಎಂಬುದೇ ಆ ನಂಬಿಕೆ. ಪೊರೆಯೆಂಬುದು ಕಣ್ಣಿನ ಒಳಗಿರುವ ಮಸೂರವು ಮಂಜಾಗುವುದು. ಅದನ್ನು ತೆಗೆದು ಕೃತಕ ಮಸೂರವನ್ನು ಇಡಬಹುದು. ಕೆಲವು ತಿಂಗಳು ತಡವಾದರೂ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ಕಣ್ಣಿಗೆ ‘ಹೂ ಬೀಳುವುದು’ ಎಂದು ನಾವು ಹೇಳುತ್ತೇವಲ್ಲ, ಅದು ಬೇರೆಯೇ ರೋಗ. ಅದು ಕರಿಗುಡ್ಡೆಯ ಹೊರಪದರದಲ್ಲಿ ಹುಣ್ಣಾಗಿ, ಮಾಯುವಾಗ ಉಳಿದುಹೋದ ಬಿಳಿಯ ಕಲೆ. ಅದನ್ನು ಪೊರೆಯಂತೆ ತೆಗೆದುಹಾಕಲು ಬರುವುದಿಲ್ಲ.

ಒಬ್ಬ ದಂಪತಿಗಳ ವೃತ್ತಾಂತ

ಕೆಲವು ವರ್ಷಗಳ ಹಿಂದೆ ಜನವರಿ ತಿಂಗಳ ಒಂದು ಮಧ್ಯಾಹ್ನ, ತೋಟದ ಲೈನ್ ಮನೆಯಲ್ಲಿ ವಾಸವಾಗಿದ್ದ ಇಬ್ಬರು ದಂಪತಿಗಳು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದರು. ಹೆಂಡತಿಗೆ ಸುಮಾರು ಮೂವತ್ತು ವರ್ಷ. ಸೆರಗಿನಿಂದ ಎಡಗಣ್ಣನ್ನು ಮುಚ್ಚಿಕೊಂಡಿದ್ದಳು. ಕಾಫಿ ಹಣ್ಣು ಕೊಯ್ಯುವಾಗ, ಬಗ್ಗಿಸಿ ಹಿಡಿದಿದ್ದ ರೆಂಬೆಯು ಕೈಜಾರಿ ಚಿಮ್ಮಿ ಕಣ್ಣಿಗೆ ಬಡಿದಿತ್ತು. ಎಂದು ಎಂದು ಕೇಳಿದೆ. ಗಂಡನು ಬೆರಳು ಮಡಿಚಿ ಎಣಿಸಿ, “ಇವತ್ತಿಗೆ ಒಂಬತ್ತು ದಿನವಾಯಿತು, ಡಾಕ್ಟರೇ” ಎಂದನು.

ಆ ಒಂಬತ್ತು ದಿನಗಳಲ್ಲಿ ಏನೇನು ನಡೆಯಿತೆಂಬುದನ್ನು ಕ್ರಮವಾಗಿ ಕೇಳಿ ಬರೆದುಕೊಂಡೆ. ಮೊದಲ ದಿನ ಕಣ್ಣು ಚುಚ್ಚಿದಂತಾಗಿ ನೀರು ಸುರಿಯಿತು. ಆದರೂ ಕೆಲಸ ಮುಗಿಸಿ ಹಣ್ಣು ತೂಗಿಸಿಯೇ ಮನೆಗೆ ಬಂದಳು. ರಾತ್ರಿ ಪಕ್ಕದ ಮನೆಯ ಬಾಣಂತಿಯಿಂದ ಎದೆಹಾಲು ಬಿಡಿಸಿಕೊಂಡು ಕಣ್ಣಿಗೆ ಹಾಕಿದರು. ಎರಡನೆಯ ದಿನ ಸ್ವಲ್ಪ ಹಗುರವೆನಿಸಿತು, ಮತ್ತೆ ಕೆಲಸಕ್ಕೆ ಹೋದಳು. ಮೂರನೆಯ ದಿನ ಬೆಳಕು ನೋಡಲಾಗದಂತೆ ನೋವು ಹೆಚ್ಚಿತು. ನಂದಿಬಟ್ಟಲು ಹೂವಿನ ರಸ ಹಿಂಡಿದರು. ಐದನೆಯ ದಿನ ಸಂತೆಗೆ ಹೋದ ಗಂಡನು ಔಷಧಿ ಅಂಗಡಿಯಲ್ಲಿ ‘ಕಣ್ಣು ಕೆಂಪಾಗಿದೆ’ ಎಂದು ಹೇಳಿ ಹನಿ ಔಷಧಿಯೊಂದನ್ನು ಕೊಂಡು ತಂದನು. ಅದನ್ನು ಹಾಕಿದ ಒಂದೆರಡು ದಿನ ಕೆಂಪು ಕಡಿಮೆಯಾಗಿ, ನೋವೂ ತಗ್ಗಿ, ಇನ್ನು ಗುಣವಾಯಿತೆಂದೇ ಅವರು ಭಾವಿಸಿದರು. ಎಂಟನೆಯ ದಿನ ಬೆಳಗ್ಗೆ ಗಂಡನು ಹೆಂಡತಿಯ ಮುಖ ನೋಡಿದಾಗ ಕರಿಗುಡ್ಡೆಯ ಮೇಲೆ ಉದ್ದಿನ ಕಾಳಿನಷ್ಟು ಅಗಲದ ಬಿಳಿಯ ಚುಕ್ಕೆ ಕಾಣಿಸಿತು.

ಅವನು ತಂದು ತೋರಿಸಿದ ಬಾಟಲಿಯಲ್ಲಿದ್ದದ್ದು ಸ್ಟಿರಾಯ್ಡ್ ಬೆರೆತ ಹನಿ. ಅವರನ್ನು ಅಂದೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಹುಣ್ಣು ಬೂಷ್ಟಿನಿಂದ ಆದದ್ದೆಂದು ಪರೀಕ್ಷೆಯಿಂದ ತಿಳಿಯಿತು. ಎರಡು ತಿಂಗಳ ಚಿಕಿತ್ಸೆಯ ಅನಂತರ ಹುಣ್ಣು ಮಾಯಿತು, ಕಣ್ಣು ಉಳಿಯಿತು. ಆದರೆ ಆ ಕಣ್ಣಿಗೆ ಈಗ ಕೈಬೆರಳು ಎಣಿಸುವಷ್ಟು ದೃಷ್ಟಿಯೂ ಇಲ್ಲ. ಗಂಡ ಹೆಂಡಿರಿಬ್ಬರಲ್ಲಿ ಯಾರೂ ಅಲಕ್ಷ್ಯ ಮಾಡಿದವರಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅವರು ಪ್ರತಿದಿನವೂ ಏನಾದರೊಂದು ಉಪಚಾರ ಮಾಡಿಯೇ ಇದ್ದರು.

ಕರಿಗುಡ್ಡೆಯೆಂದರೆ ಏನು?

ಕಣ್ಣಿನ ಕಪ್ಪು ಭಾಗದ ಮುಂದೆ, ಗಡಿಯಾರದ ಗಾಜಿನಂತೆ, ಪಾರದರ್ಶಕವಾದ ಒಂದು ಪಟಲವಿದೆ. ವೈದ್ಯರು ಇದನ್ನು ಕಾರ್ನಿಯಾ ಎನ್ನುತ್ತಾರೆ. ನಾವು ಕಪ್ಪೆಂದು ಕಾಣುವುದು ಇದರ ಹಿಂದಿರುವ ಬಣ್ಣದ ಪರದೆ. ಕಾರ್ನಿಯಾಕ್ಕೆ ತನ್ನದೇ ಆದ ಬಣ್ಣವಿಲ್ಲ. ನಡುವೆ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಬೆಳಕು ತಡೆಯಿಲ್ಲದೆ ಹಾದುಹೋಗಬೇಕಾದುದರಿಂದ ಇದರಲ್ಲಿ ರಕ್ತನಾಳಗಳಿಲ್ಲ. ಉಸಿರಿಗೆ ಬೇಕಾದ ಆಮ್ಲಜನಕವನ್ನು ಇದು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ರಕ್ತನಾಳಗಳಿಲ್ಲದಿರುವುದೇ ಇದರ ಹೆಚ್ಚುಗಾರಿಕೆ, ಅದೇ ಇದರ ದೌರ್ಬಲ್ಯ. ಕೈಗೆ ಗಾಯವಾದರೆ ರಕ್ತದಲ್ಲಿನ ರಕ್ಷಕ ಕಣಗಳು ಕೂಡಲೇ ಅಲ್ಲಿಗೆ ನುಗ್ಗಿ ರೋಗಾಣುಗಳೊಡನೆ ಹೋರಾಡುತ್ತವೆ. ಕಾರ್ನಿಯಾದಲ್ಲಿ ಆ ಸೈನ್ಯವು ಅಂಚಿನಿಂದ ನಿಧಾನವಾಗಿ ಬರಬೇಕು.

ಇದಕ್ಕೆ ಪ್ರತಿಯಾಗಿ ಪ್ರಕೃತಿಯು ಕಾರ್ನಿಯಾದ ಮೇಲೆ ಬಿಗಿಯಾದ ಒಂದು ತೆಳುಪದರವನ್ನು ಹೊದಿಸಿದೆ. ಈ ಪದರವು ಅಖಂಡವಾಗಿರುವವರೆಗೆ ಸಾಮಾನ್ಯ ರೋಗಾಣುಗಳು ಒಳಹೊಗಲಾರವು. ರೆಂಬೆಯ ತುದಿಯೋ, ಭತ್ತದ ಹೊಟ್ಟೋ, ತೆನೆಯ ಮುಳ್ಳೋ ತಗುಲಿದಾಗ ಈ ಪದರ ಕಿತ್ತುಹೋಗುತ್ತದೆ. ಇದೇ ಗೀರು. ಬೇರೇನೂ ಸೇರದಿದ್ದರೆ ಸಣ್ಣ ಗೀರು ಒಂದೆರಡು ದಿನಗಳಲ್ಲಿ ಕಲೆಯಿಲ್ಲದೆ ಮುಚ್ಚಿಹೋಗುತ್ತದೆ. ಆದರೆ ಗಿಡದ ರೆಂಬೆ ಬರಿಗೈಯಲ್ಲಿ ಬರುವುದಿಲ್ಲ. ಎಲೆಯ ಮೇಲೆ, ಮಣ್ಣಿನಲ್ಲಿ, ಹೊಟ್ಟಿನಲ್ಲಿ ಬದುಕುವ ಬೂಷ್ಟಿನ ಬೀಜಾಣುಗಳನ್ನೂ ಬ್ಯಾಕ್ಟೀರಿಯಾಗಳನ್ನೂ ತೆರೆದ ಬಾಗಿಲಿನ ಒಳಗೆ ಬಿತ್ತಿಯೇ ಹೋಗುತ್ತದೆ. ಬೂಷ್ಟು ಬೆಳೆಯಲು ಕೆಲವು ದಿನಗಳು ಹಿಡಿಯುತ್ತವೆ. ಆದ್ದರಿಂದಲೇ ಎರಡನೆಯ ದಿನ ಹಗುರವಾದಂತೆ ತೋರಿ, ಮುಂದೆ ಮತ್ತೆ ನೋವು ಮರುಕಳಿಸುವುದು.

ಸಂಶೋಧನೆಗಳು ಏನನ್ನು ಹೇಳುತ್ತವೆ?

ಸಂಶೋಧನೆಯೆಂದರೆ ದೂರದ ನಗರಗಳಲ್ಲಿ, ಗಾಜಿನ ಕೊಳವೆಗಳ ನಡುವೆ ನಡೆಯುವ ಕೆಲಸವೆಂದು ಭಾವಿಸುವುದು ರೂಢಿ. ಈ ವಿಷಯದಲ್ಲಿ ಹಾಗಲ್ಲ. ನಮ್ಮಂತೆಯೇ ಗದ್ದೆಯಲ್ಲಿ ದುಡಿಯುವ ಜನರ ಕಣ್ಣುಗಳಿಂದಲೇ ಈ ತಿಳಿವಳಿಕೆ ಬಂದಿದೆ.

1994ರ ಮೊದಲ ಮೂರು ತಿಂಗಳುಗಳಲ್ಲಿ ತಮಿಳುನಾಡಿನ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಗೆ ಕಾರ್ನಿಯಾ ಹುಣ್ಣಿನಿಂದ ಬಂದ 434 ರೋಗಿಗಳನ್ನು ವೈದ್ಯರು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಅವರಲ್ಲಿ ಸುಮಾರು ಮೂರನೆಯ ಎರಡು ಭಾಗದ ಜನರಿಗೆ ಮೊದಲು ಕಣ್ಣಿಗೆ ಪೆಟ್ಟಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಬೇಸಾಯದವರು. ಹುಣ್ಣನ್ನು ಕೆರೆದು ಬೆಳೆಸಿ ನೋಡಿದಾಗ ರೋಗಾಣು ಪತ್ತೆಯಾದವುಗಳಲ್ಲಿ ಬ್ಯಾಕ್ಟೀರಿಯಾದ ಪಾಲೂ ಬೂಷ್ಟಿನ ಪಾಲೂ ಹೆಚ್ಚುಕಡಿಮೆ ಸಮಸಮನಾಗಿದ್ದವು. ಚಳಿದೇಶಗಳಲ್ಲಿ ಬರೆದ ವೈದ್ಯ ಗ್ರಂಥಗಳನ್ನು ಓದಿ ಬಂದ ನಮ್ಮಂಥವರಿಗೆ ಇದು ಎಚ್ಚರಿಕೆಯ ಮಾತು. ಅಲ್ಲಿ ಅಪರೂಪವಾದ ಬೂಷ್ಟಿನ ಹುಣ್ಣು ದಕ್ಷಿಣ ಭಾರತದಲ್ಲಿ ದಿನನಿತ್ಯದ ರೋಗ.

ಎರಡನೆಯ ಅಧ್ಯಯನ ನೇಪಾಳದ ಭಕ್ತಪುರದ್ದು, 2001ರಲ್ಲಿ ಪ್ರಕಟವಾಯಿತು. ಅಲ್ಲಿ 34,902 ಜನರಿರುವ ಪ್ರದೇಶದಲ್ಲಿ ಎರಡು ವರ್ಷಗಳ ಕಾಲ ತರಬೇತಿ ಪಡೆದ ಕಾರ್ಯಕರ್ತರು, ಕಣ್ಣಿಗೆ ಪೆಟ್ಟಾದ ಪ್ರತಿಯೊಬ್ಬರನ್ನೂ ಹತ್ತಿರದ ಕೇಂದ್ರಕ್ಕೆ ಕರೆತಂದರು. ಕರಿಗುಡ್ಡೆಗೆ ಗೀರು ಬಿದ್ದಿದ್ದರೂ ಇನ್ನೂ ಹುಣ್ಣಾಗದಿದ್ದ 442 ಜನರಿಗೆ ಕ್ಲೋರಾಂಫೆನಿಕಾಲ್ ಎಂಬ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿದರು. ಇದರಲ್ಲಿ ಗಾಯವಾದ 18 ಗಂಟೆಗಳ ಒಳಗಾಗಿ ಬಂದವರು 284 ಮಂದಿ. ಅವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 18ರಿಂದ 24 ಗಂಟೆಗಳ ನಡುವೆ ಬಂದ 109 ಜನರಲ್ಲಿ 4 ಜನರಿಗೆ ಹುಣ್ಣಾಯಿತು. ಒಂದು ಹಗಲು ರಾತ್ರಿಯನ್ನು ಕಳೆದು, ಎರಡನೆಯ ದಿನದಲ್ಲಿ ಬಂದವರು 49 ಮಂದಿ. ಅವರಲ್ಲಿ 14 ಜನರಿಗೆ ಹುಣ್ಣಾಯಿತು. ಎಂದರೆ ನೂರಕ್ಕೆ ಇಪ್ಪತ್ತೆಂಟಕ್ಕಿಂತ ಹೆಚ್ಚು. ಮುಲಾಮು ಎಲ್ಲರಿಗೂ ಒಂದೇ ಆಗಿತ್ತು. ಬೇರೆಯಾಗಿದ್ದದ್ದು ಬಂದ ಹೊತ್ತು.

ಈ ಅಂಕಿಗಳನ್ನು ನಾನು ಮೊದಲ ಬಾರಿಗೆ ಓದಿದಾಗ ಮೇಲೆ ಹೇಳಿದ ದಂಪತಿಗಳ ನೆನಪಾಯಿತು. ಸಂಜೆ ಹಣ್ಣು ತೂಗಿಸುವ ಬದಲು ಆಸ್ಪತ್ರೆಗೆ ಬಂದಿದ್ದರೆ ಅವಳು ಆ 284 ಜನರ ಸಾಲಿನಲ್ಲಿ ನಿಲ್ಲುತ್ತಿದ್ದಳು.

ಆದರೂ ಇದರಿಂದ ತಪ್ಪು ತೀರ್ಮಾನಕ್ಕೆ ಬರಬಾರದು. ಮುಲಾಮು ಹಚ್ಚದೆ ಬಿಟ್ಟ ಇನ್ನೊಂದು ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲವಾದ್ದರಿಂದ, ಗುಣವಾದುದರಲ್ಲಿ ಮುಲಾಮಿನ ಪಾಲೆಷ್ಟು, ಕಣ್ಣಿನ ಸ್ವಂತ ಶಕ್ತಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮುಂದೆ ನೇಪಾಳದಲ್ಲಿಯೇ ಇನ್ನೂ ದೊಡ್ಡದಾದ ಪ್ರಯೋಗವೊಂದು ನಡೆಯಿತು. ಕೆಲವು ಗ್ರಾಮಗಳಲ್ಲಿ ಇಂತಹ ಕಾರ್ಯಕರ್ತರನ್ನು ನೇಮಿಸಿ, ಕೆಲವು ಗ್ರಾಮಗಳಲ್ಲಿ ನೇಮಿಸದೆ ಹೋಲಿಸಿ ನೋಡಿದಾಗ ಎರಡು ಕಡೆಗಳಲ್ಲಿಯೂ ಹುಣ್ಣುಗಳ ಪ್ರಮಾಣ ಒಂದೇ ಸಮನಾಗಿತ್ತು. ನನ್ನ ಅಭಿಪ್ರಾಯದಲ್ಲಿ ಇದರ ಅರ್ಥ ಸ್ಪಷ್ಟವಾಗಿಯೇ ಇದೆ. ಊರಿನಲ್ಲಿ ಮುಲಾಮು ಇದ್ದ ಮಾತ್ರಕ್ಕೆ ಪ್ರಯೋಜನವಿಲ್ಲ. ಕಣ್ಣಿಗೆ ತಗುಲಿದವರು ಅದೇ ದಿನ ಬಂದು ತೋರಿಸಬೇಕು. ತೋರಿಸುವವರೇ ಇಲ್ಲವಾದರೆ ಕಾರ್ಯಕರ್ತೆಯ ಚೀಲದಲ್ಲಿ ಏನಿದ್ದರೇನು?

ಗೀರು ಬರಿಗಣ್ಣಿಗೆ ಕಾಣುವುದಿಲ್ಲ. ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣವನ್ನು ಹಚ್ಚಿದ ಕಾಗದದ ಪಟ್ಟಿಯನ್ನು ಕಣ್ಣಿಗೆ ಮುಟ್ಟಿಸಿ, ನೀಲಿ ಬೆಳಕಿನಲ್ಲಿ ನೋಡಿದರೆ ಪದರ ಕಿತ್ತುಹೋದ ಜಾಗವು ಹಸಿರಾಗಿ ಹೊಳೆಯುತ್ತದೆ. ಎರಡು ನಿಮಿಷದ ಪರೀಕ್ಷೆ, ನೋವಿಲ್ಲ. ಸೇವೆಗೆ ಸೇರಿದ ಮೊದಲ ವರ್ಷ, ಒಕ್ಕಣೆಯ ಕಾಲದಲ್ಲಿ ಬಂದ ರೈತರೊಬ್ಬರಿಗೆ ಈ ಪರೀಕ್ಷೆಯನ್ನು ಮಾಡದೆಯೇ ‘ಕೆಂಗಣ್ಣು’ ಎಂದು ಚೀಟಿ ಬರೆದು ಕಳುಹಿಸಿದ್ದೆ. ನಾಲ್ಕನೆಯ ದಿನ ಅವರು ಹುಣ್ಣಿನೊಡನೆ ಹಿಂತಿರುಗಿದರು. ಅಂದಿನಿಂದ ಆ ಪಟ್ಟಿಗಳು ನನ್ನ ಮೇಜಿನ ಮೇಲೆಯೇ ಇರುತ್ತವೆ. ವೈದ್ಯರು ಮರೆತರೆ, “ಕಣ್ಣಿಗೆ ಕಡ್ಡಿ ತಗುಲಿದೆ, ಬಣ್ಣ ಹಾಕಿ ನೋಡಿ” ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಬಾಟಲಿಯ ಹನಿಗಳ ವಿಚಾರ

ಹುಣ್ಣಾದ ಮೇಲೆ ಯಾವ ಔಷಧಿ ಹಾಕಬೇಕೆಂಬುದು ಯಾವ ರೋಗಾಣು ಇದೆಯೆಂಬುದನ್ನು ಅವಲಂಬಿಸಿದೆ. ಬೂಷ್ಟಿನ ಹುಣ್ಣಿಗೆ ನಾಟಮೈಸಿನ್ ಎಂಬ ಹಳೆಯ ಹನಿಯೂ, ವೊರಿಕೊನಜೋಲ್ ಎಂಬ ಹೊಸ ಹನಿಯೂ ಇವೆ. ಹೊಸದೇ ಉತ್ತಮವಿರಬೇಕೆಂದು ಬಹಳ ವೈದ್ಯರು ಎಣಿಸಿದ್ದರು. ಅದನ್ನು ಪರೀಕ್ಷಿಸಲು ಅರವಿಂದ ಆಸ್ಪತ್ರೆಗಳಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ತಜ್ಞರ ಸಹಯೋಗದಿಂದ 323 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಯಾರಿಗೆ ಯಾವ ಹನಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ರೋಗಿಗೂ ವೈದ್ಯರಿಗೂ ತಿಳಿಯದಂತೆ ಇಡಲಾಗಿತ್ತು. ಹೀಗೆ ಮಾಡಿದರೆ ಮಾತ್ರ ಯಾರ ಪಕ್ಷಪಾತವೂ ಸೇರುವುದಿಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಳೆಯ ನಾಟಮೈಸಿನ್ನೇ ಗೆದ್ದಿತು. ಅದನ್ನು ಹಾಕಿಸಿಕೊಂಡವರ ದೃಷ್ಟಿ ಹೆಚ್ಚು ಉಳಿಯಿತು, ಕಣ್ಣು ತೂತಾಗುವ ಪ್ರಸಂಗವೂ ಕಡಿಮೆಯಾಯಿತು. ಗದ್ದೆ ತೋಟಗಳ ಮಣ್ಣಿನಲ್ಲಿ ವಾಸಿಸುವ ಫ್ಯುಸೇರಿಯಂ ಎಂಬ ಬೂಷ್ಟಿನ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತು.

ಆದರೆ ಆ ಹನಿಯನ್ನು ಹಾಕುವ ಕ್ರಮವನ್ನು ಗಮನಿಸಿ. ಮೊದಲ ವಾರ ಎಚ್ಚರವಾಗಿರುವಷ್ಟು ಹೊತ್ತೂ ಗಂಟೆಗೊಮ್ಮೆ. ಅನಂತರ ಎರಡು ಗಂಟೆಗೊಮ್ಮೆಯಂತೆ ಮೂರು ವಾರಗಳು ತುಂಬುವವರೆಗೆ. ಕೊಯ್ಲಿನ ಕಾಲದಲ್ಲಿ, ಅಡುಗೆ, ಮಕ್ಕಳು, ದನಕರು ಎಲ್ಲವನ್ನೂ ನೋಡಿಕೊಳ್ಳುವ ಗೃಹಿಣಿಯೊಬ್ಬಳು ಇದನ್ನು ತಾನೇ ನಡೆಸಿಕೊಂಡು ಹೋಗುವುದು ಅಸಾಧ್ಯ. ಮನೆಯ ಯಜಮಾನರು ಗಡಿಯಾರ ನೋಡಿ ಹನಿ ಹಾಕುವ ಹೊಣೆಯನ್ನು ಹೊರಬೇಕು. ಗಂಡನಿಗೆ ಕಣ್ಣಿನ ಹುಣ್ಣಾದಾಗ ಹೆಂಡತಿಯು ಈ ಸೇವೆಯನ್ನು ತಪ್ಪದೆ ಮಾಡುವುದನ್ನು ನಾನು ಕಂಡಿದ್ದೇನೆ. ಹೆಂಡತಿಗಾದಾಗ ಗಂಡನು ಮಾಡುವುದನ್ನು ಅಷ್ಟಾಗಿ ಕಂಡಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಸ್ಟಿರಾಯ್ಡ್ ಹನಿಗಳ ಬಗ್ಗೆ ವಿಶೇಷವಾಗಿ ಎಚ್ಚರ ವಹಿಸಬೇಕು. ಇವು ಕೆಂಪನ್ನೂ ಉರಿಯನ್ನೂ ಬೇಗ ತಗ್ಗಿಸುವುದರಿಂದ ಗುಣವಾದಂತೆ ತೋರುತ್ತದೆ. ವಾಸ್ತವವಾಗಿ ದೇಹವು ರೋಗಾಣುವಿನೊಡನೆ ನಡೆಸುತ್ತಿದ್ದ ಹೋರಾಟವನ್ನೇ ಇವು ಅಡಗಿಸುತ್ತವೆ. ಬೂಷ್ಟಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಬ್ಯಾಕ್ಟೀರಿಯಾದ ಹುಣ್ಣಿನಲ್ಲಿಯಾದರೂ, ಸರಿಯಾದ ಔಷಧಿಯನ್ನು ಎರಡು ದಿನ ಹಾಕಿದ ಮೇಲೆ ಸ್ಟಿರಾಯ್ಡ್ ಸೇರಿಸಿದರೆ ಲಾಭವಿದೆಯೇ ಎಂದು 500 ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಮೂರು ತಿಂಗಳ ಅನಂತರ ಒಟ್ಟಾರೆ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2012ರಲ್ಲಿ ವರದಿಯಾಯಿತು. ತಜ್ಞರ ಕಣ್ಣೆದುರಿನಲ್ಲಿಯೇ ಇಷ್ಟು. ಇನ್ನು ಅಂಗಡಿಯಿಂದ ಕೇಳಿ ತಂದ ಬಾಟಲಿಯ ಮಾತೇನು? ನೆರೆಮನೆಯವರಿಗೆ ಬರೆದುಕೊಟ್ಟ ಹನಿ, ಕಳೆದ ವರ್ಷ ಪೊರೆಯ ಆಪರೇಷನ್ನಿನ ಅನಂತರ ಅಜ್ಜಿಗೆ ಕೊಟ್ಟು ಉಳಿದ ಹನಿ ಇವುಗಳನ್ನೂ ಹಾಕಕೂಡದು. ಅವುಗಳಲ್ಲಿ ಹೆಚ್ಚಾಗಿ ಇರುವುದು ಸ್ಟಿರಾಯ್ಡೇ.

ಎದೆಹಾಲು, ನಂದಿಬಟ್ಟಲಿನ ರಸ, ಹರಳೆಣ್ಣೆ, ಇನ್ನಾವುದೇ ಸೊಪ್ಪಿನ ರಸ ಇವನ್ನು ಗೀರು ಬಿದ್ದ ಕಣ್ಣಿಗೆ ಹಾಕುವುದು ಹಾನಿಕರ. ತಾಯಿಯ ಹಾಲು ಮಗುವಿಗೆ ಅಮೃತವೆಂಬುದರಲ್ಲಿ ಸಂದೇಹವಿಲ್ಲ; ಅದರ ಸ್ಥಾನ ಮಗುವಿನ ಬಾಯಿ. ಶುದ್ಧೀಕರಿಸದ ಯಾವುದೇ ದ್ರವವಾಗಲಿ ತೆರೆದ ಗಾಯದೊಳಗೆ ರೋಗಾಣುಗಳನ್ನು ಒಯ್ಯುತ್ತದೆ. ಗಿಡದಿಂದ ಬಂದ ಗಾಯಕ್ಕೆ ಇನ್ನೊಂದು ಗಿಡದ ರಸ ಹಿಂಡಿದರೆ ಬೂಷ್ಟನ್ನು ಎರಡನೆಯ ಬಾರಿ ಬಿತ್ತಿದಂತಾಗುತ್ತದೆ.

ಸುಣ್ಣದ ಅಪಾಯ

ಇಷ್ಟು ಹೊತ್ತು ಮೊದಲ ದಿನದ ಮಾತಾಯಿತು. ಸುಣ್ಣದ ವಿಷಯದಲ್ಲಿ ಮೊದಲ ನಿಮಿಷದ ಮಾತನ್ನೇ ಆಡಬೇಕು. ಬೋರ್ಡೋ ದ್ರಾವಣಕ್ಕೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದನ್ನು ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದೊಡನೆ ಅದು ಕೊತಕೊತನೆ ಕುದಿದು ಸಿಡಿಯುತ್ತದೆ. ಆಮ್ಲವು ಬಿದ್ದರೆ ಕಣ್ಣಿನ ಮೇಲ್ಪದರವು ಹೆಪ್ಪುಗಟ್ಟಿ, ಅದು ಒಳಗಿಳಿಯುವುದಕ್ಕೆ ಅಷ್ಟಾದರೂ ತಡೆಯಾಗುತ್ತದೆ. ಸುಣ್ಣವು ಕ್ಷಾರ, ಅದು ಪದರವನ್ನು ಕರಗಿಸಿಕೊಂಡು ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ರೆಪ್ಪೆಯ ಒಳಗೆ ಸಿಕ್ಕಿಕೊಂಡ ಒಂದು ಹರಳು ಗಂಟೆಗಟ್ಟಲೆ ಸುಡುತ್ತಿರುತ್ತದೆ. ಎಲೆಯಡಿಕೆಗೆಂದು ತಂದ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿ, ಅದು ಒಡೆದು ಕಣ್ಣಿಗೆ ಚಿಮ್ಮುವುದೂ ಹೀಗೆಯೇ ಆಪತ್ತಿಗೆ ಕಾರಣವಾಗುತ್ತದೆ.

ಸುಣ್ಣ ಬಿದ್ದ ಕೂಡಲೇ, ವಾಹನ ಹುಡುಕುವುದಕ್ಕೂ ಮುಂಚೆ, ಅಲ್ಲಿಯೇ ಕಣ್ಣನ್ನು ತೊಳೆಯಬೇಕು. ಗಾಯಗೊಂಡವರನ್ನು ಮಲಗಿಸಿ, ತಲೆಯನ್ನು ಆ ಕಣ್ಣಿನ ಕಡೆಗೆ ವಾಲಿಸಿ, ಒಬ್ಬರು ರೆಪ್ಪೆಗಳನ್ನು ಬೆರಳುಗಳಿಂದ ಅಗಲಿಸಿ ಹಿಡಿದು, ಇನ್ನೊಬ್ಬರು ಚೊಂಬಿನಿಂದ ಶುದ್ಧವಾದ ನೀರನ್ನು ಧಾರೆಯಾಗಿ ಅರ್ಧ ಗಂಟೆಯ ಕಾಲ ನಿಲ್ಲಿಸದೆ ಬಿಡಬೇಕು. ಹರಳು ಕಂಡರೆ ಒದ್ದೆಯಾದ ಶುಭ್ರ ಬಟ್ಟೆಯ ತುದಿಯಿಂದ ತೆಗೆಯಬೇಕು. ಕುಡಿಯುವ ನೀರಿಲ್ಲದಿದ್ದರೆ ಬಾವಿಯ ನೀರಾದರೂ ಸರಿಯೇ. ಆ ಕ್ಷಣದಲ್ಲಿ ತಡಮಾಡುವುದಕ್ಕಿಂತ ಕೆಟ್ಟದ್ದು ಬೇರೊಂದಿಲ್ಲ. ಆಮೇಲೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ ಕಲಸುವ ಜಾಗದಲ್ಲಿ ಒಂದು ಕೊಡ ಶುದ್ಧ ನೀರನ್ನು ಬೇರೆಯಾಗಿ ಇಟ್ಟುಕೊಂಡೇ ಕೆಲಸಕ್ಕೆ ತೊಡಗುವುದು ಒಳ್ಳೆಯ ಪದ್ಧತಿ.

ಕಾರ್ನಿಯಾ ಕಸಿಯ ಇತಿಹಾಸವೂ ಸುಣ್ಣದಿಂದಲೇ ಆರಂಭವಾಗುತ್ತದೆ. ಇಂದು ಝೆಕ್ ದೇಶದಲ್ಲಿರುವ ಓಲೋಮೌತ್ಸ್ ಎಂಬ ಊರಿನಲ್ಲಿ 1905ರ ಡಿಸೆಂಬರ್ 7ರಂದು ಡಾ. ಎಡ್ವರ್ಡ್ ಝಿರ್ಮ್ ಎಂಬ ವೈದ್ಯರು 45 ವರ್ಷದ ಕೂಲಿಕಾರನೊಬ್ಬನಿಗೆ ಕಾರ್ನಿಯಾ ಕಸಿ ಮಾಡಿದರು. ಮನುಷ್ಯನಿಂದ ಮನುಷ್ಯನಿಗೆ ಮಾಡಿ ಯಶಸ್ವಿಯಾದ ಮೊದಲ ಪೂರ್ಣ ಕಾರ್ನಿಯಾ ಕಸಿ ಅದು. ಆ ಕೂಲಿಕಾರನ ಎರಡು ಕಣ್ಣುಗಳೂ ಸುಣ್ಣ ನೀರಾರಿಸುವಾಗ ಸುಟ್ಟುಹೋಗಿದ್ದವು. ಪೆಟ್ಟಿನಿಂದ ಕಣ್ಣು ಕಳೆದುಕೊಂಡಿದ್ದ 11 ವರ್ಷದ ಬಾಲಕನೊಬ್ಬನ ಕಣ್ಣಿನಿಂದ ಕಾರ್ನಿಯಾವನ್ನು ತೆಗೆದು ಜೋಡಿಸಲಾಯಿತು. ಎರಡು ಕಣ್ಣುಗಳಲ್ಲಿ ಒಂದು ತಿಳಿಯಾಗಿ ಉಳಿದು, ಅವನು ಮತ್ತೆ ಕೆಲಸಕ್ಕೆ ಹೋಗುವಂತಾದನು.

ಇಂದು ಈ ಶಸ್ತ್ರಚಿಕಿತ್ಸೆ ಬಹಳ ಮುಂದುವರಿದಿದೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರು ನಿಧನರಾದಾಗ, 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದಂತೆಯೇ ಇವರ ಕಣ್ಣುಗಳನ್ನೂ ದಾನ ಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರವೆಂದು ಎರಡಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಮರಣವಾದ ಆರು ಗಂಟೆಗಳ ಒಳಗಾಗಿ ಕಣ್ಣುಗಳನ್ನು ತೆಗೆಯಬೇಕಾಗುತ್ತದೆ. ಕನ್ನಡಕ ಧರಿಸುವವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು ಕೂಡ ದಾನಿಗಳಾಗಬಹುದು. ಗಂಡ ಹೆಂಡಿರು ಈ ಇಚ್ಛೆಯನ್ನು ಬದುಕಿರುವಾಗಲೇ ಪರಸ್ಪರ ಹೇಳಿಕೊಂಡಿರಬೇಕು. ಏಕೆಂದರೆ ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಉಳಿದವರೇ.

ಆದರೆ ಕಸಿಯಿದೆಯೆಂದು ಹುಣ್ಣನ್ನು ಅಲಕ್ಷಿಸುವುದು ತರವಲ್ಲ. ಬೂಷ್ಟಿನ ಹುಣ್ಣು ಉಲ್ಬಣವಾದಾಗ ಮಾಡುವ ಕಸಿಯು ಕಣ್ಣನ್ನು ಉಳಿಸಲೆಂದು ಮಾಡುವುದು. ಅದು ಮಂಜಾಗಿಬಿಡುವ ಸಂಭವವೇ ಹೆಚ್ಚು. ಸುಣ್ಣದಿಂದ ಸುಟ್ಟ ಕಣ್ಣಿನಲ್ಲಿಯೂ ಕಸಿ ಹಿಡಿಯುವುದು ಕಷ್ಟ.

ಕಣ್ಣು ಬೇನೆಯೋ, ಹುಣ್ಣೋ?

ಮದ್ರಾಸ್ ಐ ಎಂದು ಕರೆಯುವ ಕಣ್ಣು ಬೇನೆಯನ್ನು ಎಲ್ಲರೂ ಬಲ್ಲರು. ಅದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಸಾಮಾನ್ಯವಾಗಿ ಒಂದು ಕಣ್ಣಿಗೆ ಬಂದು ಇನ್ನೊಂದಕ್ಕೂ ಹರಡುತ್ತದೆ, ಬೆಳಗ್ಗೆ ಪಿಸುರು ಕಟ್ಟಿ ರೆಪ್ಪೆಗಳು ಅಂಟಿಕೊಳ್ಳುತ್ತವೆ. ಆದರೆ ಪಿಸುರು ಒರೆಸಿದ ಮೇಲೆ ದೃಷ್ಟಿ ಸ್ಪಷ್ಟವಾಗಿಯೇ ಇರುತ್ತದೆ. ಹುಣ್ಣು ಹಾಗಲ್ಲ. ಒಂದೇ ಕಣ್ಣಿನಲ್ಲಿ ನೋವು, ಬೆಳಕು ಸಹಿಸಲಾಗದಿರುವುದು, ಬಿಡದೆ ನೀರು ಸುರಿಯುವುದು, ದೃಷ್ಟಿ ಮಸುಕಾಗುವುದು ಇವು ಹುಣ್ಣಿನ ಸೂಚನೆಗಳು. ಬಿಳಿಯ ಚುಕ್ಕೆ ಕಾಣುವವರೆಗೆ ಕಾಯುವಂತಿಲ್ಲ. ಮನೆಯಲ್ಲಿಯೇ ಒಂದು ಸುಲಭವಾದ ಪರೀಕ್ಷೆಯನ್ನು ಮಾಡಬಹುದು. ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಕಿಗಳನ್ನು ಓದಲು ಹೇಳಿ. ನಿನ್ನೆ ಓದಿದ್ದು ಇಂದು ಓದಲಾಗದಿದ್ದರೆ ಅದು ಬರಿಯ ಕಣ್ಣು ಬೇನೆಯಲ್ಲ.

ಮಕ್ಕಳ ವಿಷಯದಲ್ಲಿ ಒಂದೆರಡು ಮಾತು. ಪೌಷ್ಟಿಕ ಆಹಾರವಿಲ್ಲದ ಮಗುವಿಗೆ ದಡಾರ ಬಂದರೆ ಪೆಟ್ಟು ಬೀಳದೆಯೇ ಕಾರ್ನಿಯಾ ಕರಗಬಹುದು. ಒಂಬತ್ತನೆಯ ತಿಂಗಳಿನಲ್ಲಿ ದಡಾರದ ಚುಚ್ಚುಮದ್ದನ್ನೂ, ಅದರೊಡನೆ ಆರಂಭವಾಗಿ ಐದು ವರ್ಷ ತುಂಬುವವರೆಗೆ ಕೊಡುವ ಎ ಜೀವಸತ್ವದ ದ್ರಾವಣವನ್ನೂ ತಪ್ಪಿಸಬಾರದು.

ಅಂದಿನ ದಿನ ಮಾಡಬೇಕಾದುದು

ಕಣ್ಣಿಗೆ ರೆಂಬೆ, ಹೊಟ್ಟು, ಧೂಳು ತಗುಲಿದಾಗ ಉಜ್ಜಬಾರದು. ಶುಭ್ರವಾದ ನೀರಿನಿಂದ ತೊಳೆದು, ರೆಪ್ಪೆ ಮಿಟುಕಿಸಬೇಕು. ಸೆರಗಿನ ತುದಿಯಿಂದ ತೆಗೆಯುವುದು, ನಾಲಗೆಯಿಂದ ನೆಕ್ಕಿಸುವುದು, ಬಾಯಿಯಿಂದ ಊದುವುದು ಬೇಡ. ತೊಳೆದ ಅರ್ಧ ಗಂಟೆಯ ಮೇಲೂ ಚುಚ್ಚುತ್ತಲೇ ಇದ್ದರೆ ಗೀರು ಬಿದ್ದಿದೆಯೆಂದೇ ತಿಳಿದು, ಅದೇ ದಿನ ಉಪಕೇಂದ್ರಕ್ಕೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಬೇಕು. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಸಂಜೆ ತಗುಲಿದರೆ ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟರೂ 18 ಗಂಟೆಗಳ ಒಳಗೆ ತಲುಪಬಹುದು. ಮಧ್ಯಾಹ್ನದ ಬಸ್ಸಾದರೆ ತಡ. ಕಣ್ಣನ್ನು ಬಟ್ಟೆಯಿಂದ ಬಿಗಿದು ಕಟ್ಟಬಾರದು. ಕಳೆ ಕೊಚ್ಚುವ ಯಂತ್ರದಿಂದ ಸಿಡಿದ ಕಲ್ಲೋ ತಂತಿಯೋ ಕಣ್ಣಿನೊಳಕ್ಕೆ ಹೊಕ್ಕಿದ್ದರೆ ಮಾತ್ರ ತೊಳೆಯುವುದೂ ಬೇಡ, ಕೀಳುವುದೂ ಬೇಡ. ಕಣ್ಣಿಗೆ ಒತ್ತದಂತೆ ಒಂದು ಲೋಟವನ್ನು ಕವುಚಿ ಕಟ್ಟಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಬೇಕು. ಮಡಿಕೇರಿಯಲ್ಲಿ ಜಿಲ್ಲಾ ಆಸ್ಪತ್ರೆಯು ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದೆ. ಅದಕ್ಕೂ ಮೇಲಿನ ಚಿಕಿತ್ಸೆಗೆ ಮೈಸೂರಿನ ಕೆ. ಆರ್. ಆಸ್ಪತ್ರೆಯೂ, 1896ರಿಂದ ಸೇವೆ ಸಲ್ಲಿಸುತ್ತಿರುವ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯೂ ಇವೆ.

ಒಂದು ದಿನದ ಕೂಲಿ ಹೋಗುತ್ತದೆಂಬ ಚಿಂತೆ ಸಹಜವಾದುದೇ. ಮೇಲೆ ಹೇಳಿದ ದಂಪತಿಗಳು ಅರ್ಧ ದಿನದ ಕೂಲಿಯನ್ನು ಉಳಿಸಿದರು. ಅನಂತರ ಇಬ್ಬರೂ ಎರಡು ತಿಂಗಳು ಕೆಲಸವಿಲ್ಲದೆ ಓಡಾಡಿದರು. ತೋಟದ ಮಾಲೀಕರೂ ಮೇಸ್ತ್ರಿಗಳೂ ಈ ಲೆಕ್ಕವನ್ನು ತಿಳಿದುಕೊಂಡು, ಕಣ್ಣಿಗೆ ತಗುಲಿದವರನ್ನು ಅಂದೇ ಕಳುಹಿಸಿಕೊಡಬೇಕು. ಕಪಾತು ಮಾಡುವವರಿಗೂ ಔಷಧಿ ಸಿಂಪಡಿಸುವವರಿಗೂ ಸಾಧಾರಣ ರಕ್ಷಣಾ ಕನ್ನಡಕವನ್ನು ಒದಗಿಸುವುದು ದೊಡ್ಡ ಖರ್ಚಿನ ಮಾತಲ್ಲ. ಬೆವರಿಗೆ ಮಂಜು ಹಿಡಿಯುತ್ತದೆಂದು ಅದನ್ನು ಕಳಚಿ ಹಣೆಯ ಮೇಲೆ ಏರಿಸಿಕೊಳ್ಳುವವರನ್ನೂ ನೋಡಿದ್ದೇನೆ; ಅಂಥವರು ಆಗಾಗ ನಿಂತು ಒರೆಸಿಕೊಳ್ಳಬೇಕು.

ಆಸ್ಪತ್ರೆಗೆ ಬರುವಾಗ, ಅದುವರೆಗೆ ಏನೇನು ಹಾಕಿದ್ದೀರೋ ಆ ಬಾಟಲಿ, ಎಲೆ, ಹೂವು ಎಲ್ಲವನ್ನೂ ಜೊತೆಯಲ್ಲಿ ತನ್ನಿ. ವೈದ್ಯರು ಬೈಯುತ್ತಾರೆಂದು ಮುಚ್ಚಿಡಬೇಡಿ. ಅದನ್ನು ನೋಡಿದರೆ ಯಾವ ಪರೀಕ್ಷೆಯನ್ನು ಮೊದಲು ಮಾಡಬೇಕೆಂಬುದು ಬೇಗ ಗೊತ್ತಾಗುತ್ತದೆ. ಮುಲಾಮು ಕೊಟ್ಟು ಕಳುಹಿಸಿದ ಮೇಲೆ, ನೋವು ಪೂರ್ಣವಾಗಿ ಹೋಗಿದ್ದರೂ ಮೂರನೆಯ ದಿನ ಮತ್ತೊಮ್ಮೆ ಬಂದು ಬಣ್ಣ ಹಾಕಿಸಿ ನೋಡಿಸಿಕೊಳ್ಳಬೇಕು. ಹಸಿರು ಕಾಣದಿದ್ದರೆ ಮರುದಿನದಿಂದ ಕೆಲಸಕ್ಕೆ ಹೋಗಬಹುದು.